ಮೂರನೇ ಬೋಗಿಗೆ ಹತ್ತದ ಮಡಚುವ ಗಾಡಿ

2024ರ ನವೆಂಬರ್ 13, ಬುಧವಾರ ಬೆಳಿಗ್ಗೆ, ನಮ್ಮ ನಿಲ್ದಾಣದಲ್ಲಿ ಹಾಸನದ ಕಡೆಗೆ ಹೋಗುವ ರೈಲಿನ ಮೂರನೇ ಬೋಗಿಯ ಬಾಗಿಲಲ್ಲಿ, ನನ್ನ ತಂಗಿಯ ಮಡಚುವ ಎಲೆಕ್ಟ್ರಿಕ್ ಗಾಡಿಯನ್ನು ಕೆಳಗಿನಿಂದ ಯಾರೂ ಎತ್ತಿಕೊಡಲಿಲ್ಲ. ರೈಲು ನಿಂತದ್ದು ಎರಡು ನಿಮಿಷ. ಅದು ಹೊರಟಾಗ ಅವಳೂ ಗಾಡಿಯೂ ಪ್ಲಾಟ್‌ಫಾರಂ ಮೇಲೆಯೇ ಇದ್ದರು.

ಅದಕ್ಕೆ ಮೂರು ದಿನ ಮೊದಲು, ಭಾನುವಾರದ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಅದೇ ಗಾಡಿಯ ಬಗ್ಗೆ ಒಂದು ವರದಿ ಬಂದಿತ್ತು. ಅದನ್ನು ಬರೆದವನು ನಾನು.

ಹಾಸನದ ಒಂದು ಪತ್ರಿಕೆಯಲ್ಲಿ ಜಿಲ್ಲಾ ಪುಟ ಕಟ್ಟುವ ಕೆಲಸ ನನ್ನದು. ಮಧ್ಯಾಹ್ನ ಹೋಗಿ ಸಂಜೆ ಪುಟ ಕಳಿಸಿ ಬರುತ್ತೇನೆ. ನಮ್ಮ ಮನೆ ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ, ಆಲೂರಿಗೂ ಬಾಳ್ಳುಪೇಟೆಗೂ ನಡುವೆ. ಮನೆಯಲ್ಲಿ ಅಮ್ಮ, ತಂಗಿ, ನಾನು. ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಕಾಫಿ ಸ್ಟೋರಿನ ಬೀಗ ನೋಡಿಕೊಳ್ಳುವುದು ಅವರ ಕೆಲಸ. ತಂಗಿಗೆ ಆರು ವರ್ಷವಾಗಿದ್ದಾಗ ಸ್ಟೋರಿನಲ್ಲಿ ಅಟ್ಟಿ ಹಾಕಿದ್ದ ಮೂಟೆಗಳು ಜಾರಿ ಅವಳ ಎಡಗಾಲಿನ ಮೇಲೆ ಬಿದ್ದವು. ಮೂಳೆ ಕೂಡಿತು. ಕಾಲು ಎರಡು ಇಂಚು ಗಿಡ್ಡವಾಯಿತು, ಪಾದ ಒಳಕ್ಕೆ ತಿರುಗಿತು. ಆ ದಿನ ಸ್ಟೋರಿನ ಬಾಗಿಲು ತೆಗೆದಿಟ್ಟು ಹೋಗಿದ್ದವರು ಅಪ್ಪ. ಅವರು ಇರುವ ತನಕ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ.

ಅಂದಿನಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಂಗಿ ಎಲ್ಲಿಗೇ ಹೋಗಲಿ, ಯಾರಾದರೊಬ್ಬರ ಹಿಂದೆ ಕೂತೇ ಹೋದಳು. ಮೊದಲು ಅಪ್ಪನ ಹೆಗಲು, ಆಮೇಲೆ ನನ್ನ ಸೈಕಲ್ಲಿನ ಕ್ಯಾರಿಯರ್, ಆಮೇಲೆ ನನ್ನ ಬೈಕು. ಹಾಸನದ ಹಾಸ್ಟೆಲಿನಲ್ಲಿದ್ದು ಲ್ಯಾಬ್ ಟೆಕ್ನಿಷಿಯನ್ ಓದಿದಳು. ಅಲ್ಲೇ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯಬೇಕು, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಅಷ್ಟು ಹೊತ್ತಿಗೇ ಬಂದು ಕೂತಿರುತ್ತಾರೆ. ನಾನು ಬೈಕಿನಲ್ಲಿ ನಮ್ಮ ನಿಲ್ದಾಣದ ತನಕ ಬಿಡುತ್ತಿದ್ದೆ. ಹಾಸನದಲ್ಲಿ ಅವಳ ಜೊತೆ ಕೆಲಸ ಮಾಡುವ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಆಕೆ ರಜೆ ಹಾಕಿದ ದಿನ ಇವಳೂ ರಜೆ.

2023ರ ಯುಗಾದಿ ಕಳೆದ ಮೇಲೆ ಅವಳು ಆ ಗಾಡಿ ತರಿಸಿದಳು. ತೋಳಿನಷ್ಟು ಎತ್ತರದ ಹ್ಯಾಂಡಲ್, ಚಿಕ್ಕ ಸೀಟು, ತಟ್ಟೆಯಷ್ಟು ಅಗಲದ ಎರಡು ಚಕ್ರ, ಕಾಲಿಡುವ ಹಲಗೆಯ ಕೆಳಗೆ ಬ್ಯಾಟರಿ. ಕೊಕ್ಕೆ ಬಿಚ್ಚಿದರೆ ಹ್ಯಾಂಡಲ್ ಮಲಗಿ, ಸೀಟು ಒಳಗೆ ಸೇರಿ, ದೊಡ್ಡ ಸೂಟ್‌ಕೇಸಿನಷ್ಟಾಗುತ್ತದೆ. ತೂಕ ಹದಿನೆಂಟು ಕೆ.ಜಿ. ಅಮ್ಮ ಅದಕ್ಕೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅದು ಮಕ್ಕಳ ಆಟದ ಸಾಮಾನು ಇದ್ದಂಗೈತೆ ಎಂದು ಗೊಣಗಿದರು.

ಮೊದಲ ದಿನ ಅವಳು ನಿಲ್ದಾಣಕ್ಕೆ ಹೊರಟಾಗ ನಾನು ಸ್ವಲ್ಪ ದೂರ ಬಿಟ್ಟು ಬೈಕಿನಲ್ಲಿ ಹಿಂದೆ ಹೋದೆ. ಎಸ್ಟೇಟಿನ ಗೇಟಿನ ತಿರುವಿನಲ್ಲಿ ಅವಳು ಗಾಡಿ ನಿಲ್ಲಿಸಿ ಹಿಂದೆ ನೋಡಿದಳು.

‘ಮನೆಗೋಗಣ್ಣ. ಹಿಂದೆ ಯಾರೋ ಬರ್ತಾವ್ರೆ ಅಂದ್ರೆ ನಂಗೆ ಓಡ್ಸಕ್ಕಾಗಲ್ಲ.’

ನಾನು ಬೈಕು ತಿರುಗಿಸಿದೆ.

ಗಾಡಿ ರಸ್ತೆಯ ಮೇಲೆ ಅವಳ ಮಾತು ಕೇಳುತ್ತಿತ್ತು. ರೈಲಿಗೆ ಹತ್ತಿಸುವುದು ಬೇರೆ ಮಾತು. ಮೂರನೇ ಬೋಗಿ ನಿಲ್ಲುವ ಕಡೆ ಪ್ಲಾಟ್‌ಫಾರಂ ತಗ್ಗು. ಬೋಗಿಯ ಬಾಗಿಲು ಅವಳ ಎದೆಮಟ್ಟಕ್ಕೆ ಬರುತ್ತದೆ. ಮೊದಲ ವಾರ ಅವಳು ಅಲ್ಲಿ ಒದ್ದಾಡುವುದನ್ನು ಪಾಯಿಂಟ್ಸ್‌ಮನ್ ನೋಡಿದರು. ರೈಲಿಗೆ ಹಳಿ ತಿರುಗಿಸಿ ಬಾವುಟ ತೋರಿಸುವ ಕೆಲಸದವರು, ನಿವೃತ್ತಿಗೆ ಹತ್ತಿರವಿದ್ದವರು. ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದು ಹಿಂದಿನ ಚಕ್ರ ಹಿಡಿದು ಎತ್ತಿದರು. ಮೇಲಿನಿಂದ ಹ್ಯಾಂಡಲ್ ಹಿಡಿದು ಎಳೆದುಕೊಂಡವರು ಹಾಸನದ ಕೋರ್ಟಿನಲ್ಲಿ ಗುಮಾಸ್ತರಾಗಿರುವ ಒಬ್ಬರು. ಸಕಲೇಶಪುರದಿಂದ ದಿನಾ ಬರುವವರು. ಮರುದಿನದಿಂದ ಅದು ಆ ಬೋಗಿಯ ಪದ್ಧತಿಯಾಯಿತು. ಪಾಯಿಂಟ್ಸ್‌ಮನ್ ಕೆಳಗಿನಿಂದ, ಗುಮಾಸ್ತರು ಮೇಲಿನಿಂದ. ಗಾಡಿ ಹತ್ತಿದ ಮೇಲೆ ಅವಳು. ಹಾಸನದಲ್ಲಿ ಇಳಿಸುವುದೂ ಸಂಜೆ ಹತ್ತಿಸಿ ತರುವುದೂ ಬೋಗಿಯವರೇ. ಕೊನೆಯ ಸೀಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಯಾರೋ ಒಬ್ಬರು ಸಕಲೇಶಪುರದಲ್ಲೇ ಟವೆಲ್ ಹಾಕಿ ಜಾಗ ಹಿಡಿದಿರುತ್ತಿದ್ದರು. ಅದು ಮನುಷ್ಯರಿಗಲ್ಲ, ಗಾಡಿಗೆ.

ಗಾಡಿಗೆ ಅವರು ಆಡಿನ ಮರಿ ಎಂದು ಹೆಸರಿಟ್ಟರು. ಆಲೂರಿನಲ್ಲಿ ಹತ್ತುವವರು ಮರಿ ಸೊಪ್ಪು ತಿಂದಿತೇ ಎಂದು ವಿಚಾರಿಸಿಯೇ ಕೂರುವುದು. ಒಂದು ದಿನ ಟಿಕೆಟ್ ನೋಡುವವರು ಬಂದು ಮರಿಗೆ ಟಿಕೆಟ್ ಎಲ್ಲಿ ಎಂದು ಕೇಳಿದರಂತೆ. ‘ಐದು ವರ್ಷ ತುಂಬಿಲ್ಲ ಸಾರ್, ಫ್ರೀ’ ಎಂದರಂತೆ ಗುಮಾಸ್ತರು. ಟಿಕೆಟ್ ನೋಡುವವರೂ ನಕ್ಕು ಮುಂದಕ್ಕೆ ಹೋದರು.

ಗಾಡಿಯನ್ನು ಬೋಗಿಯೊಳಗೆ ಒಯ್ಯಲು ಅನುಮತಿ ಇತ್ತೇ ಎಂದರೆ, ನನಗೆ ತಿಳಿಯದು. ಮೊದಲ ವಾರದಲ್ಲೇ ತಂಗಿ ನಿಲ್ದಾಣದಲ್ಲಿ ಕೇಳಿದ್ದಳು. ಮಡಚಿ ಯಾರಿಗೂ ತೊಂದರೆಯಾಗದಂತೆ ಇಟ್ಟುಕೊಳ್ಳಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಬರೆದುಕೊಡಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವರು ನಿಯಮದ ಪುಸ್ತಕ ತೆಗೆಯಬೇಕಾಗುತ್ತಿತ್ತು.

ಹೀಗೆ ಒಂದೂವರೆ ವರ್ಷ ನಡೆಯಿತು. ಆ ಒಂದೂವರೆ ವರ್ಷದಲ್ಲಿ ಅವಳು ಲ್ಯಾಬಿನಲ್ಲಿ ಬೆಳಗಿನ ಪಾಳಿಯ ಮುಖ್ಯಸ್ಥೆಯಾದಳು. ಬೀಗದ ಕೈ ಅವಳ ಬಳಿಗೆ ಬಂತು. ಕೆ. ಹೊಸಕೋಟೆಯಲ್ಲಿ ನೆಂಟರ ಮದುವೆಗೆ ನಮಗಿಂತ ಮುಂಚೆ ಒಬ್ಬಳೇ ಹೋಗಿ ಕೂತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಮನೆ ಬಿಟ್ಟವಳು ಊಟದ ಹೊತ್ತಿಗೆ ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಅಮ್ಮ ಕೇಳಿದರು. ಎಲ್ಲಿಗೂ ಇಲ್ಲ, ಸುಮ್ಮನೆ ಹೋಗಿದ್ದೆ ಎಂದಳು. ಅಮ್ಮ ನನ್ನ ಮುಖ ನೋಡಿದರು. ಅವಳು ಸುಮ್ಮನೆ ಎಲ್ಲಿಗಾದರೂ ಹೋಗಿ ಬಂದದ್ದು ಅದೇ ಮೊದಲು.

ನವೆಂಬರ್ 9, ಶನಿವಾರ, ಮಧ್ಯಾಹ್ನ ಮೂರೂವರೆಗೆ ನನ್ನ ಪುಟದಿಂದ ಒಂದು ಜಾಹೀರಾತು ತೆಗೆದರು. ಮೂರು ಕಾಲಂ ಜಾಗ ಖಾಲಿ ಬಿತ್ತು. ಪುಟ ನಾಲ್ಕೂವರೆಗೆ ಹೋಗಬೇಕು. ಓದುವುದಕ್ಕೆ ಹಿತವಾಗಿರುವ ಏನಾದರೂ ಇದ್ದರೆ ಹಾಕಿ ಎಂದು ಮುಖ್ಯಸ್ಥರು ಹೇಳಿದರು. ನನ್ನ ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ನನ್ನ ವಾರದ ರಜೆಯ ದಿನ ಅವಳ ಜೊತೆ ಹಾಸನಕ್ಕೆ ಹೋಗುವಾಗ ತೆಗೆದದ್ದು: ಹಿಂದಿನಿಂದ ಕಾಣುವ ಒಬ್ಬ ಹೆಂಗಸು, ಬೋಗಿಯ ಬಾಗಿಲು, ಗಾಡಿ, ಅದನ್ನು ಎತ್ತುತ್ತಿರುವ ಎರಡು ಜೊತೆ ಕೈ.

ಮನೆಯವರ ಬಗ್ಗೆ ಬರೆಯಬಾರದು ಎಂಬ ನಿಯಮ ನಮ್ಮ ಸುದ್ದಿಮನೆಯಲ್ಲಿ ಇದೆ. ಅವಳ ಹೆಸರು ಹಾಕದಿದ್ದರೆ ಆ ನಿಯಮ ಮುರಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ‘ಮಹಿಳೆಯೊಬ್ಬರು’ ಎಂದು ಬರೆದೆ. ಹೆಸರು ಬಿಟ್ಟಿದ್ದರಿಂದ ಉಳಿದದ್ದೆಲ್ಲ ಖಚಿತವಾಗಿರಬೇಕು ಎಂದು, ಯಾವ ನಿಲ್ದಾಣ, ಯಾವ ರೈಲು, ಎಷ್ಟನೇ ಬೋಗಿ, ಯಾವ ಬಾಗಿಲು, ಎಲ್ಲವನ್ನೂ ಬರೆದೆ. ಕೊಕ್ಕೆಯನ್ನು ಎಡಗೈ ಹೆಬ್ಬೆರಳಿನಿಂದ ಬಿಚ್ಚುವುದನ್ನೂ ಬರೆದೆ. ‘ಮಡಚಿದರೆ ಮರಿ, ಬಿಡಿಸಿದರೆ ಕುದುರೆ’ ಎಂದು ತಲೆಬರಹ ಕೊಟ್ಟೆ. ಕೊನೆಯ ಸಾಲು ಹೀಗಿತ್ತು: ‘ನಿಯಮ ನೋಡದೆ ಮನುಷ್ಯತ್ವ ನೋಡುವ ನಿಲ್ದಾಣದ ಸಿಬ್ಬಂದಿ ಇರುವವರೆಗೆ ಈ ಪಯಣ ನಿಲ್ಲದು.’

ಬರೆಯಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ತಂಗಿಯ ಲ್ಯಾಬು ನಮ್ಮ ಕಚೇರಿಯಿಂದ ನಾಲ್ಕು ಬೀದಿಯಾಚೆ. ಫೋನ್ ಮೇಜಿನ ಮೇಲೆಯೇ ಇತ್ತು. ನಾನು ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಪತ್ರಿಕೆ ನೋಡಿ ಅವಳಿಗೆ ಸಂತೋಷವಾಗಲಿ ಎಂದುಕೊಂಡಿದ್ದೆ.

ಭಾನುವಾರ ಅವಳು ಅದನ್ನು ಜಗಲಿಯಲ್ಲಿ ಕೂತು ಓದಿದಳು. ಎರಡು ಸಲ ಓದಿದಳು ಎಂದು ಅಮ್ಮ ಹೇಳಿದರು. ಆಮೇಲೆ ಪತ್ರಿಕೆಯನ್ನು ಮಡಚಿ, ಹಳೆಯ ಪತ್ರಿಕೆಗಳ ಅಡಿಯಲ್ಲಿ ಇಟ್ಟಳು. ಸೋಮವಾರ ಮೂರನೇ ಬೋಗಿಯಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಯಿತು. ಮರಿಯ ಫೋಟೋ ಬಂತು, ನನ್ನ ಕೈಯೂ ಬಂತು ಎಂದು ಗುಮಾಸ್ತರು ಎಲ್ಲರಿಗೂ ತೋರಿಸಿದರು. ಮಂಗಳವಾರವೂ ಗಾಡಿ ಹತ್ತಿತು. ಮಂಗಳವಾರ ಮಧ್ಯಾಹ್ನ ಪಾಯಿಂಟ್ಸ್‌ಮನ್‌ಗೆ ಮೇಲಧಿಕಾರಿಗಳ ಫೋನ್ ಬಂತು.

ಬುಧವಾರ ನಾನು ನಿಲ್ದಾಣದಲ್ಲಿರಲಿಲ್ಲ. ಅಲ್ಲಿ ನಡೆದದ್ದನ್ನು ಪಾಯಿಂಟ್ಸ್‌ಮನ್, ಗುಮಾಸ್ತರು, ತಂಗಿ, ಮೂವರಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂವರೂ ಹೇಳಿದ್ದು ಒಂದೇ. ರೈಲು ಬರುವ ಮೊದಲೇ ಪಾಯಿಂಟ್ಸ್‌ಮನ್ ಅವಳ ಹತ್ತಿರ ಬಂದು ನಿಂತರು. ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

‘ನಂದಿನ್ನ ಎರಡು ವರ್ಸ ಸರ್ವೀಸ್ ಐತೆ ಕಣವ್ವ,’ ಎಂದರು. ‘ನಿಯಮ ನೋಡ್ದೆ ಎತ್ತಿದ್ದು ಯಾರು ಅಂತ ಬರ್ದು ಕೊಡ್ಬೇಕಂತೆ.’

ಆಯಿತು ಬಿಡಿ, ನೀವು ದೂರ ಹೋಗಿ ನಿಂತುಕೊಳ್ಳಿ ಎಂದು ಅವಳೇ ಹೇಳಿದಳು. ರೈಲು ಬಂತು. ಅವಳು ಗಾಡಿ ಮಡಚಿ, ಮುಂದಿನ ಚಕ್ರವನ್ನು ಕೆಳಗಿನ ಮೆಟ್ಟಿಲಿನ ಮೇಲೆ ಇಟ್ಟಳು. ಗುಮಾಸ್ತರು ಮೇಲಿನಿಂದ ಹ್ಯಾಂಡಲ್ ಹಿಡಿದರು. ಕೆಳಗಿನಿಂದ ಎತ್ತುವ ಕೈಯಿಲ್ಲದೆ ಹದಿನೆಂಟು ಕೆ.ಜಿ. ಮೇಲಕ್ಕೆ ಬರಲಿಲ್ಲ. ಪ್ಲಾಟ್‌ಫಾರಂನಲ್ಲಿ ಹತ್ತಬೇಕಾದವರೆಲ್ಲ ಆಗಲೇ ಹತ್ತಿದ್ದರು. ಗುಮಾಸ್ತರು ಕೆಳಗಿಳಿಯಲು ಕಾಲು ಹಾಕಿದಾಗ ರೈಲು ಅಲುಗಿತು. ಬೇಡ ಬುಡಿ ಸಾರ್ ಎಂದು ಅವಳು ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡಳು.

ನಾನು ತಿಂಡಿ ತಿನ್ನುತ್ತಿದ್ದೆ. ಅಂಗಳಕ್ಕೆ ಗಾಡಿ ಬಂದ ಸದ್ದು ಕೇಳಿ ಅಮ್ಮ ಹೊರಗೆ ಹೋದರು. ಅವಳು ಒಳಗೆ ಬಂದು, ಚೀಲ ಕೆಳಗಿಟ್ಟು, ನನ್ನ ಎದುರಿಗೆ ನಿಂತಳು.

‘ನನ್ನ ಒಂದ್ ಮಾತು ಕೇಳಿದ್ರೆ ಏನಾಗ್ತಿತ್ತಣ್ಣ?’

ಹೆಸರು ಹಾಕಿಲ್ಲವಲ್ಲ ಎಂದೆ.

‘ಆ ರೈಲಲ್ಲಿ ಕುಂಟಿ ಅಂತ ಇರೋದು ನಾನೊಬ್ಳೇ ಅಲ್ವಾ. ಹೆಸರು ಯಾಕೆ ಬೇಕು?’

ದನಿ ಏರಿಸಲಿಲ್ಲ. ಆ ಪದವನ್ನು ಎಸ್ಟೇಟಿನ ಆಳುಗಳ ಲೈನ್ ಮನೆಗಳ ಮಕ್ಕಳು ಕೂಗುತ್ತಿದ್ದುದನ್ನು ಕೇಳಿದ್ದೆ. ಅವಳ ಬಾಯಿಂದ ಕೇಳಿರಲಿಲ್ಲ. ಅಮ್ಮ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಲು ಬಂದವರು ಹಾಗೆಯೇ ಒಳಗೆ ಹೋದರು.

ಅದೇ ದಿನ ನಾನು ಸಂಬಂಧಪಟ್ಟ ರೈಲ್ವೆ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದವರು ಸಭ್ಯರು. ಮಡಚುವ ಗಾಡಿಯ ಬಗ್ಗೆ ನಿಯಮ ಏನು ಎಂದು ಕೇಳಿದೆ. ನೋಡಿ ಹೇಳಬೇಕು ಎಂದರು. ಇಷ್ಟು ದಿನ ಬಿಡುತ್ತಿದ್ದಿರಲ್ಲ ಎಂದೆ.

‘ಇಷ್ಟು ದಿನ ನಮಗೆ ಗೊತ್ತಿರಲಿಲ್ಲ ಸರ್. ನಿಯಮ ನೋಡದೆ ಅಂತ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಈಗ ನಾವು ನೋಡಲೇಬೇಕಲ್ಲ. ಅಲ್ಲಿಯವರೆಗೆ ಗಾಡಿಯನ್ನು ಬೋಗಿಗೆ ಹತ್ತಿಸುವಂತಿಲ್ಲ.’

ಬರೆದು ಕಳಿಸಿ ಎಂದರು, ಬರೆದು ಕಳಿಸಿದೆ. ಅವಳಿಂದಲೂ ಒಂದು ಅರ್ಜಿ ಬರೆಸಬೇಕೆಂದುಕೊಂಡೆ. ಅವಳು ಸಹಿ ಹಾಕಲಿಲ್ಲ. ಆ ವಾರವೇ ಪಾಯಿಂಟ್ಸ್‌ಮನ್ ಮನೆಗೆ ಹೋದೆ. ಅವರು ವಿವರಣೆ ಬರೆದುಕೊಟ್ಟಾಗಿತ್ತು. ಬೇರೆ ಏನೂ ಆಗಿರಲಿಲ್ಲ. ನಾನು ಕ್ಷಮೆ ಕೇಳುವ ಮೊದಲೇ ಚಹಾ ತರಿಸಿದರು. ನೀವು ಒಳ್ಳೆಯದೇ ಬರೆದಿರಿ, ಮನೆಯವಳು ಕತ್ತರಿಸಿ ಇಟ್ಟುಕೊಂಡಿದ್ದಾಳೆ ಎಂದು ದೇವರ ಪಟದ ಪಕ್ಕದ ಗೋಡೆ ತೋರಿಸಿದರು. ಅಲ್ಲಿ ನನ್ನ ಮೂರು ಕಾಲಂ ಅಂಟಿಸಿತ್ತು.

ತಪ್ಪು ಸುದ್ದಿ ಹಾಕಿದರೆ ಮರುದಿನ ತಿದ್ದುಪಡಿ ಹಾಕುವ ಒಂದು ಮೂಲೆ ನಮ್ಮ ಪತ್ರಿಕೆಯಲ್ಲಿದೆ. ನನ್ನ ವರದಿಯನ್ನು ಮತ್ತೆ ಓದಿದೆ. ತಿದ್ದುವಂಥದ್ದು ಏನೂ ಸಿಗಲಿಲ್ಲ. ಬೋಗಿಯ ಸಂಖ್ಯೆ ಸರಿಯಿತ್ತು, ಗಾಡಿಯ ತೂಕ ಸರಿಯಿತ್ತು.

ಆಟೋ ಇರಲಿಲ್ಲವೇ ಎಂದು ಓದುವವರು ಕೇಳಬಹುದು. ಇತ್ತು. ಗಾಡಿ ಮನೆಯಲ್ಲಿ ಬಿಟ್ಟು, ನನ್ನ ಬೈಕಿನಲ್ಲಿ ನಿಲ್ದಾಣಕ್ಕೆ ಬಂದು, ಹಾಸನದಲ್ಲಿ ಆಟೋ ಹಿಡಿಯುವುದನ್ನು ಅವಳು ಆರು ವಾರ ಮಾಡಿದಳು. ಮೊದಲು ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದ ಹೆಂಗಸು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದರು. ರೈಲಿನಿಂದ ಇಳಿದವರಲ್ಲಿ ಹೊರಗೆ ಬರುವುದರಲ್ಲಿ ಅವಳೇ ಕೊನೆ. ಅವಳು ಬರುವಷ್ಟರಲ್ಲಿ ಆಟೋಗಳು ಹೋಗಿರುತ್ತಿದ್ದವು. ಲ್ಯಾಬಿನ ಬಾಗಿಲಲ್ಲಿ ಖಾಲಿ ಹೊಟ್ಟೆಯವರು ಕಾಯುತ್ತಿದ್ದರು. ಡಿಸೆಂಬರ್ ಕೊನೆಗೆ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟು ಅವಳನ್ನು ಮಧ್ಯಾಹ್ನದ ಪಾಳಿಗೆ ಹಾಕಿದರು. ನಿನ್ನ ಅನುಕೂಲಕ್ಕೇ ಎಂದು ಹೇಳಿದರಂತೆ. ಆ ಪಾಳಿ ಮುಗಿಯುವ ಹೊತ್ತಿಗೆ ಹಿಂದಿರುಗಲು ರೈಲಿಲ್ಲ. ಬಸ್ಸಿನಲ್ಲಿ ಬರತೊಡಗಿದಳು.

ಸಂಜೆ ಪುಟ ಕಳಿಸಿ ನಾನೂ ಅದೇ ದಾರಿಯಲ್ಲಿ ಬೈಕಿನಲ್ಲಿ ಬರುತ್ತೇನೆ. ಜೊತೆಯಲ್ಲೇ ಹೋಗೋಣ ಎಂದು ಎರಡು ಸಲ ಹೇಳಿದೆ. ನಿನ್ನ ಪುಟ ಎಷ್ಟು ಹೊತ್ತಿಗೆ ಮುಗಿಯುತ್ತದೋ ಯಾರಿಗೆ ಗೊತ್ತು ಎಂದಳು. ಮೂರನೇ ಸಲ ನಾನು ಹೇಳಲಿಲ್ಲ.

2025ರ ಜನವರಿ, ಕಾಫಿ ಕುಯ್ಲು ಮುಗಿಯುತ್ತಿದ್ದ ದಿನಗಳು. ಬಾಳ್ಳುಪೇಟೆಯಲ್ಲಿ ಬಸ್ಸು ನಿಂತಾಗ ಹಿಂದೆ ಕಾಫಿ ಮೂಟೆಯ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಬಸ್ಸಿನ ಕೊನೆಯ ಮೆಟ್ಟಿಲಿಗೂ ನೆಲಕ್ಕೂ ಒಂದು ಮೊಳದಷ್ಟು ಅಂತರ. ಅವಳು ಯಾವಾಗಲೂ ಗಿಡ್ಡ ಕಾಲನ್ನು ಮೊದಲು ಇಳಿಸಿ, ಕಂಬಿ ಹಿಡಿದು, ಆಮೇಲೆ ಬಲಗಾಲು ತರುತ್ತಾಳೆ. ಅವತ್ತು ಹಿಂದಿದ್ದವರು ಇಳಿಯಲು ಅವಸರ ಮಾಡಿದರು. ಅವಳು ಬಲಗಾಲನ್ನು ಮೊದಲು ಇಳಿಸಿದಳು. ಬಿದ್ದದ್ದು ಬಲ ಮೊಣಕಾಲಿನ ಮೇಲೆ. ಮೊಣಕಾಲ ಚಿಪ್ಪು ಮೂರು ತುಂಡಾಗಿತ್ತು.

ಹಾಸನದಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಮೂರನೇ ಬೋಗಿಯವರು ಇಬ್ಬಿಬ್ಬರಾಗಿ ನೋಡಲು ಬಂದರು. ಗುಮಾಸ್ತರು ಬಂದವರು ಕಾಲಿನ ಮಾತು ಎತ್ತಲಿಲ್ಲ. ಮರಿಯ ಜಾಗದಲ್ಲಿ ಈಗ ಯಾರೋ ಹಲಸಿನಕಾಯಿ ಮೂಟೆ ಇಡುತ್ತಾರೆ, ಅದಕ್ಕೂ ಟಿಕೆಟ್ ಇಲ್ಲ ಎಂದರು. ಅವಳು ನಕ್ಕಳು. ಆ ಹನ್ನೊಂದು ದಿನದಲ್ಲಿ ನಾನು ಅವಳ ನಗು ಕಂಡದ್ದು ಅದೊಂದೇ ಸಲ. ನಾನು ಒಳಗೆ ಬಂದಾಗ ನಿಲ್ಲಿಸಿದಳು.

ಅವಳು ನನ್ನ ಜೊತೆ ಮಾತು ಬಿಟ್ಟಿಲ್ಲ. ಊಟ ಆಯಿತೇ ಎಂದು ಕೇಳುತ್ತಾಳೆ. ಗ್ಯಾಸ್ ಸಿಲಿಂಡರ್ ಬಂದಿದೆ ಎಂದು ಹೇಳುತ್ತಾಳೆ. ಏಪ್ರಿಲ್‌ನಿಂದ ವಾರಕ್ಕೆರಡು ಸಲ ಕಾಲಿನ ವ್ಯಾಯಾಮಕ್ಕೆ ಆಲೂರಿಗೆ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಮೊದಲೆಲ್ಲ ಹಿಂದೆ ಕೂತರೆ ನನ್ನ ಭುಜ ಹಿಡಿಯುತ್ತಿದ್ದಳು. ಈಗ ಸೀಟಿನ ಹಿಂದಿನ ಕಂಬಿ ಹಿಡಿಯುತ್ತಾಳೆ. ಉಬ್ಬು ಬಂದಾಗಲೂ ಕೈ ಅಲ್ಲೇ ಇರುತ್ತದೆ. ಮನೆಗೆ ಬಂದರೆ ವಾಕರ್ ಹಿಡಿದು ಅಡಿಗೆಮನೆಯಿಂದ ಜಗಲಿಯ ತನಕ ನಡೆಯುತ್ತಾಳೆ. ಅಲ್ಲಿಂದ ಮುಂದೆ ಎರಡು ಮೆಟ್ಟಿಲಿವೆ. ಮೊಣಕಾಲು ಗಾಡಿಯ ಸೀಟಿಗೆ ಬೇಕಾದಷ್ಟು ಬಾಗುವುದಿಲ್ಲ. ಬಾಗಬಹುದು, ಹೇಳಲಾಗದು ಎಂದು ವೈದ್ಯರು ಹೇಳಿದ್ದಾರೆ.

ಮೇ ತಿಂಗಳಲ್ಲಿ ಒಂದು ದಿನ ನನ್ನ ಪುಟಕ್ಕೆ ಬಂದ ಚಿಕ್ಕ ಜಾಹೀರಾತುಗಳಲ್ಲಿ ಅವಳ ಲ್ಯಾಬಿನದೂ ಒಂದಿತ್ತು. ಬೆಳಗಿನ ಪಾಳಿಗೆ ಟೆಕ್ನಿಷಿಯನ್ ಬೇಕಾಗಿದ್ದಾರೆ, ಹಾಸನದಲ್ಲೇ ವಾಸವಿರುವವರಿಗೆ ಆದ್ಯತೆ. ಅಕ್ಷರ ನೋಡಿ, ತಪ್ಪಿಲ್ಲವೆಂದು ಗುರುತು ಹಾಕಿ ಪುಟ ಕಳಿಸಿದೆ. ಮನೆಯಲ್ಲಿ ಹೇಳಲಿಲ್ಲ. ಮರುದಿನ ಪತ್ರಿಕೆಯನ್ನು ಅವಳೇ ಓದಿದಳು.

ರೈಲ್ವೆ ಕಚೇರಿಗೆ ಬರೆದ ಪತ್ರಕ್ಕೆ ಈವರೆಗೆ ಉತ್ತರ ಬಂದಿಲ್ಲ.

ಜೂನ್ ಕೊನೆಯ ಶನಿವಾರ ಗುಮಾಸ್ತರು ಮನೆಗೆ ಬಂದು, ಲ್ಯಾಬಿನವರು ಕೊಟ್ಟ ಒಂದು ಚೀಲ ಕೊಟ್ಟು ಹೋದರು. ಅವಳ ಕಪಾಟಿನಲ್ಲಿ ಉಳಿದಿದ್ದ ಸಾಮಾನು: ಒಂದು ನೀರಿನ ಬಾಟಲಿ, ಎರಡು ಪೆನ್ನು, ಇಸ್ತ್ರಿ ಮಾಡಿ ಮಡಚಿದ ಒಂದು ಬಿಳಿ ಕೋಟು. ಬಾಟಲಿಯನ್ನೂ ಪೆನ್ನುಗಳನ್ನೂ ಇಟ್ಟುಕೊಂಡಳು. ಕೋಟನ್ನು ಹೊಸದಾಗಿ ಬಂದ ಹುಡುಗಿಗೆ ಕೊಡಬೇಕು, ಅಲ್ಲಿ ಕೋಟು ಹೊಲಿಸಿಕೊಡಲು ಎರಡು ತಿಂಗಳು ಮಾಡುತ್ತಾರೆ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಅದನ್ನು ನನ್ನ ಕೈಗೆ ಕೊಟ್ಟರು.

ಸೋಮವಾರ ಬೆಳಗಿನ ರೈಲಿನಲ್ಲಿ ಹಾಸನಕ್ಕೆ ಹೋಗಿ, ಎಂಟು ಗಂಟೆಗೆ ಲ್ಯಾಬಿನಲ್ಲಿ ಅದನ್ನು ಕೊಟ್ಟೆ. ಹುಡುಗಿ ನನ್ನ ಎದುರಿಗೇ ತೊಟ್ಟು ನೋಡಿದಳು. ಅಳತೆ ಸರಿಯಾಯಿತು.